ಧರ್ಮ ಸ್ವಾತಂತ್ರ್ಯ ಮತ್ತು ಸಲಿಂಗಪ್ರೇಮಿಗಳ ಸಮಾನತೆ: ಅಬುಧಾಬಿಯಿಂದ ನೋಡಿದಾಗ

ದುಬೈ: ಧರ್ಮಾಚರಣೆಯ ಮಟ್ಟಿಗೆ ಹೇಳುವುದಾದರೆ ಕೊಲ್ಲಿ ಕನ್ನಡಿಗರಿಗೆ ಕಳೆದ ಕೆಲವು ವರ್ಷಗಳಷ್ಟು ಒಳ್ಳೆಯ ಕಾಲ ಹಿಂದೆಂದೂ ಬಂದಿರಲಿಲ್ಲ. ದಶಕಗಳ ಕಾಲ ಬರ್ ದುಬೈಯ ಇಕ್ಕಟ್ಟಾದ ಓಣಿಯಲ್ಲಿ ಸಾಲು ನಿಂತು ದೇವರ ದರ್ಶನ ಮಾಡುತ್ತಿದ್ದ ನಮಗೆ 2022ರ ಅಕ್ಟೋಬರ್‌ನಲ್ಲಿ ಜಬಲ್ ಅಲಿಯ ಹೊಸ ದೇವಾಲಯ ಬಾಗಿಲು ತೆರೆಯಿತು. 2023ರ ಮಾರ್ಚ್‌ನಲ್ಲಿ ಅಬುಧಾಬಿಯ ಸಾದಿಯಾತ್ ದ್ವೀಪದಲ್ಲಿ ಮಸೀದಿ, ಇಗರ್ಜಿ, ಯಹೂದಿಗಳ ಪ್ರಾರ್ಥನಾ ಮಂದಿರ ಮೂರೂ ಒಂದೇ ಆವರಣದಲ್ಲಿರುವ ಅಬ್ರಹಾಮಿಕ್ ಫ್ಯಾಮಿಲಿ ಹೌಸ್ ಸಾರ್ವಜನಿಕರಿಗೆ ಮುಕ್ತವಾಯಿತು. 2024ರ ಫೆಬ್ರವರಿ 14ರಂದು ಇಲ್ಲಿನ ದೊರೆಗಳು ದಾನವಾಗಿ ಕೊಟ್ಟ 27 ಎಕರೆ ನೆಲದಲ್ಲಿ ಬಿ.ಎ.ಪಿ.ಎಸ್. ಮಂದಿರದ ಉದ್ಘಾಟನೆಯೂ ನಡೆಯಿತು. ಅನ್ನ ಕೊಟ್ಟ ನಾಡು ನಮ್ಮ ದೇವರಿಗೂ ಜಾಗ ಕೊಟ್ಟಿತು ಎಂದು ನಾವೆಲ್ಲ ಹೆಮ್ಮೆಯಿಂದ ಊರಿಗೆ ಫೋಟೋ ಕಳಿಸಿದ್ದೇವೆ.

ಈ ಸಂತಸದ ನಡುವೆಯೇ ಒಂದು ಪ್ರಶ್ನೆ. ಬೇರೆ ಧರ್ಮದವರ ನಾಡಿನಲ್ಲಿ ನಮ್ಮಂತೆ ನಾವು ಬದುಕಲು ಅವಕಾಶ ಬೇಕು ಎನ್ನುವ ನಾವು, ನಮ್ಮ ಮನೆಯಲ್ಲೇ ಹುಟ್ಟಿದ ಸಲಿಂಗಪ್ರೇಮಿ ಮಗನಿಗೋ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಬಯಸುವ ಮಗುವಿಗೋ ಅದೇ ಅವಕಾಶ ಕೊಡಲು ಏಕೆ ಹಿಂದೆಮುಂದೆ ನೋಡುತ್ತೇವೆ? ಈ ಎರಡು ಸ್ವಾತಂತ್ರ್ಯಗಳು ಬೇರೆ ಬೇರೆಯಲ್ಲ ಎಂದು ವಾದಿಸುವ ಸರ್ವಧರ್ಮೀಯ ಸಂಘಟನೆಗಳು ಅಮೆರಿಕದಲ್ಲಿ ಬಹಳ ಕಾಲದಿಂದ ಇವೆ. 1994ರಲ್ಲಿ ಹುಟ್ಟಿದ ಇಂಟರ್‌ಫೇತ್ ಅಲಯನ್ಸ್ ಅವುಗಳಲ್ಲೊಂದು. ಅದೆಲ್ಲ ಅಮೆರಿಕದವರ ಗೊಡವೆ, ನಮಗೇಕೆ ಎನ್ನುವವರು ನಮ್ಮದೇ ಸುಪ್ರೀಂ ಕೋರ್ಟಿನ ಇತಿಹಾಸವನ್ನೊಮ್ಮೆ ನೋಡಬೇಕು.

ಸಲಿಂಗ ಸಂಬಂಧ ಅಪರಾಧವಲ್ಲ ಎಂದು ದೆಹಲಿ ಹೈಕೋರ್ಟ್ ಹೇಳಿದ್ದು 2009ರ ಜುಲೈ 2ರಂದು. ಅದರ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರ ಪಟ್ಟಿ ಸ್ವಾರಸ್ಯವಾಗಿದೆ. ಒಬ್ಬ ಜ್ಯೋತಿಷಿ, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್! ಬೇರೆ ಯಾವ ವಿಷಯದಲ್ಲೂ ಒಟ್ಟಿಗೆ ಕೂರದವರು ಇಲ್ಲಿ ಒಂದೇ ಬದಿಯಲ್ಲಿ ಕುಳಿತರು. ಸರ್ವಧರ್ಮ ಸಮನ್ವಯ ಎಂದರೆ ಇದೂ ಇರಬಹುದೇನೋ. 2013ರ ಡಿಸೆಂಬರ್ 11ರಂದು ಅವರೇ ಗೆದ್ದರು, 377ನೇ ಕಲಂ ಮರಳಿ ಬಂತು. ಆದರೆ ಅದೇ ವಾರಗಳಲ್ಲಿ ಮುಂಬಯಿಯ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್ ಬೇರೆಯೇ ದನಿಯಲ್ಲಿ ಮಾತನಾಡಿದರು. ಸಲಿಂಗ ವಿವಾಹವನ್ನು ಚರ್ಚ್ ಒಪ್ಪುವುದಿಲ್ಲ, ಆದರೆ ಸಲಿಂಗಿಗಳನ್ನು ಅಪರಾಧಿಗಳೆಂದು ಎಂದೂ ಪರಿಗಣಿಸಿಲ್ಲ ಎಂಬುದು ಅವರ ನಿಲುವಾಗಿತ್ತು. ಪಾಪ ಎನ್ನುವುದು ಚರ್ಚಿನ ಮಾತು, ಅಪರಾಧ ಎನ್ನುವುದು ಸರಕಾರದ ಮಾತು. ಈ ಗೆರೆ ಸ್ಪಷ್ಟವಾದರೆ ಅರ್ಧ ಜಗಳ ಮುಗಿಯುತ್ತದೆ ಎಂಬುದು ನನ್ನ ಅನಿಸಿಕೆ.

2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಒಪ್ಪಿಗೆಯುಳ್ಳ ವಯಸ್ಕರ ಮಟ್ಟಿಗೆ 377ನ್ನು ತೆಗೆದುಹಾಕಿತು. ಅರ್ಜಿದಾರರಲ್ಲಿ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಇದ್ದರು. ಅದೇ ತಿಂಗಳ 28ರಂದು ಶಬರಿಮಲೆಗೆ ಎಲ್ಲ ವಯಸ್ಸಿನ ಮಹಿಳೆಯರ ಪ್ರವೇಶದ ತೀರ್ಪು ಬಂತು. ಅನೇಕರು ಗಮನಿಸದ ಸಂಗತಿಯೆಂದರೆ ಎರಡೂ ಪೀಠಗಳಲ್ಲಿದ್ದವರು ಅದೇ ಐವರು: ದೀಪಕ್ ಮಿಶ್ರಾ, ಖಾನ್ವಿಲ್ಕರ್, ನಾರಿಮನ್, ಚಂದ್ರಚೂಡ್ ಮತ್ತು ಇಂದೂ ಮಲ್ಹೋತ್ರಾ. ಎರಡರಲ್ಲೂ 'ಸಾಂವಿಧಾನಿಕ ನೈತಿಕತೆ' ಎಂಬ ಮಾತೇ ಮುಖ್ಯವಾಯಿತು. ನ್ಯಾ. ಇಂದೂ ಮಲ್ಹೋತ್ರಾ ಮೊದಲ ತೀರ್ಪಿನಲ್ಲಿ ಈ ಸಮುದಾಯದ ಕ್ಷಮೆಯನ್ನು ಇತಿಹಾಸವೇ ಕೇಳಬೇಕು ಎಂದರು. ಎರಡನೆಯದರಲ್ಲಿ ಅವರೊಬ್ಬರೇ ಭಿನ್ನಮತ ಬರೆದು ಅಯ್ಯಪ್ಪ ಭಕ್ತರ ಸಂಪ್ರದಾಯದ ಪರ ನಿಂತರು. ಪ್ರತಿವರ್ಷ ಮಾಲೆ ಹಾಕುವ ಕರಾವಳಿಯ ಅದೆಷ್ಟೋ ಮಂದಿ ಆಗ ಅವರನ್ನು ಹೊಗಳಿದ್ದುಂಟು, ಮೊದಲ ತೀರ್ಪನ್ನು ಮಾತ್ರ ಯಾರೂ ನೆನೆಯಲಿಲ್ಲ. ಅವರ ಎರಡು ತೀರ್ಪುಗಳಲ್ಲಿ ವಿರೋಧಾಭಾಸವಿದೆ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮನುಷ್ಯನ ಅಂತರಂಗಕ್ಕೆ ಸರಕಾರ ಕೈ ಹಾಕಬಾರದು ಎಂಬ ಒಂದೇ ಮಾತನ್ನು ಅವರು ಎರಡು ಕಡೆ ಹೇಳಿದರು. (ಶಬರಿಮಲೆಯ ಪ್ರಶ್ನೆಗಳು 2019ರಲ್ಲಿ ಇನ್ನೂ ದೊಡ್ಡ ಪೀಠಕ್ಕೆ ಹೋದವು, ಅದು ಬೇರೆಯೇ ಕಥೆ.)

ಇನ್ನು ಮದುವೆಯ ವಿಷಯ. ಮಂಗಳೂರಿನ ಹಿಂದೂ ಹುಡುಗ ಕ್ಯಾಥೊಲಿಕ್ ಹುಡುಗಿಯನ್ನು ಮತಾಂತರವಿಲ್ಲದೆ ಮದುವೆಯಾಗಬೇಕಾದರೆ ಊರಿನಲ್ಲಿರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ 30 ದಿನಗಳ ಸಾರ್ವಜನಿಕ ನೋಟಿಸ್ ಎಂಬ ಕಂಟಕವಿದೆ. ನೋಟಿಸ್ ಬೋರ್ಡಿಗೆ ಹೆಸರು ಬಿದ್ದರೆ ಮುಂದೇನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ! ಸಲಿಂಗಿ ಜೋಡಿಗಳು ಮದುವೆಯ ಹಕ್ಕು ಕೇಳಿ ಸುಪ್ರೀಂ ಕೋರ್ಟಿಗೆ ಹೋದಾಗ ಹಿಡಿದದ್ದೂ ಇದೇ ಕಾಯ್ದೆಯನ್ನು. ಆ ನೋಟಿಸ್ ನಿಯಮವನ್ನೂ ಪ್ರಶ್ನಿಸಲಾಗಿತ್ತು. ಅಂದರೆ ಜಾತಿ-ಧರ್ಮ ಮೀರಿ ಮದುವೆಯಾಗುವವರೂ ಇವರೂ ನಿಂತದ್ದು ಒಂದೇ ಕಚೇರಿಯ ಬಾಗಿಲಲ್ಲಿ. 2023ರ ಅಕ್ಟೋಬರ್ 17ರಂದು ಕೋರ್ಟ್ ಮದುವೆಯ ಹಕ್ಕನ್ನು ಒಪ್ಪಲಿಲ್ಲ, ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಮತಾಂತರವಿಲ್ಲದ ಮದುವೆಗೆ ಯು.ಎ.ಇ.ಯಲ್ಲೇ ಸುಲಭ ದಾರಿ ತೆರೆದದ್ದು ವಿಶೇಷ. 2021ರಲ್ಲಿ ಅಬುಧಾಬಿ ಮುಸ್ಲಿಮೇತರರಿಗಾಗಿ ನಾಗರಿಕ ವಿವಾಹದ ಕಾನೂನು ತಂದಿತು, 2023ರ ಫೆಬ್ರವರಿ 1ರಿಂದ ಅಂಥದೇ ಕಾನೂನು ಇಡೀ ದೇಶಕ್ಕೆ ಬಂತು. ಆದರೆ ಅದು ಗಂಡು-ಹೆಣ್ಣಿನ ಮದುವೆಗೆ ಮಾತ್ರ. ದ್ವೇಷ ಮತ್ತು ತಾರತಮ್ಯದ ವಿರುದ್ಧ 2015ರಲ್ಲಿ ಬಂದು 2023ರಲ್ಲಿ ಹೊಸ ರೂಪ ಪಡೆದ ಕಾನೂನು ಧರ್ಮ, ಪಂಥ, ಜನಾಂಗ, ಬಣ್ಣಗಳಿಗೆ ರಕ್ಷಣೆ ಕೊಡುತ್ತದೆ. ಲೈಂಗಿಕ ಒಲವಿನ ಹೆಸರು ಅಲ್ಲಿಲ್ಲ. ಮಹಿಳೆಯರಿಗೆ ಮೀಸಲಾದ ಜಾಗಕ್ಕೆ ಹೆಣ್ಣಿನ ಉಡುಪಿನಲ್ಲಿ ಹೋಗುವ ಗಂಡಿಗೆ 2021ರ ದಂಡಸಂಹಿತೆಯಲ್ಲಿ ಶಿಕ್ಷೆಯಿದೆ. 2022ರ ಜೂನ್‌ನಲ್ಲಿ ಮಕ್ಕಳ ಸಿನಿಮಾ 'ಲೈಟ್‌ಇಯರ್' ಇಲ್ಲಿ ತೆರೆ ಕಾಣಲಿಲ್ಲವೆಂಬುದು ಟಿಕೆಟಿಗಾಗಿ ಕಾದಿದ್ದ ತಂದೆ ತಾಯಂದಿರಿಗೆ ನೆನಪಿರಬಹುದು. ಇಲ್ಲಿನ ಕಾನೂನಿಗೆ ತಲೆಬಾಗಿ ನಡೆಯುವುದು ಅತಿಥಿಗಳಾದ ನಮ್ಮ ಕರ್ತವ್ಯ. ಆದರೆ ಕಾನೂನು ಮನೆಯ ಹೊರಗಿನದು, ಮಗುವಿನ ಮೇಲಿನ ಪ್ರೀತಿ ಮನೆಯ ಒಳಗಿನದು. ಟೊರಾಂಟೊದಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಓದಲು ಹೋದ ಮಗ ಫೋನಿನಲ್ಲಿ ಸತ್ಯ ಹೇಳಿದಾಗ 'ನಮ್ಮ ಧರ್ಮ ಒಪ್ಪುವುದಿಲ್ಲ' ಎಂದು ಫೋನ್ ಇಡುವ ಮುನ್ನ, ಆ ಧರ್ಮದ ಹಿರಿಯರೇ ಈಗ ಏನು ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳಬಹುದು.

2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಅಲ್ ಅಜ್ಹರ್‌ನ ಇಮಾಮರೊಂದಿಗೆ ಮಾನವ ಸೋದರತೆಯ ದಾಖಲೆಗೆ ಸಹಿ ಹಾಕಿದ ಪೋಪ್ ಫ್ರಾನ್ಸಿಸ್, 2023ರ ಜನವರಿಯಲ್ಲಿ ಸಲಿಂಗಿಯಾಗಿರುವುದು ಅಪರಾಧವಲ್ಲ, ಹಾಗೆನ್ನುವ ಕಾನೂನು ಅನ್ಯಾಯದ್ದು ಎಂದರು. ಅದೇ ತಿಂಗಳು ಆರ್.ಎಸ್.ಎಸ್. ಮುಖ್ಯಸ್ಥ ಮೋಹನ್ ಭಾಗವತ್ ಅವರು ಜರಾಸಂಧನ ಸೇನಾಪತಿಗಳಾದ ಹಂಸ-ಡಿಂಭಕರ ಕಥೆ ಹೇಳಿ, ಇವರಿಗೂ ತಮ್ಮ ಪಾಡಿಗೆ ಬದುಕುವ ಹಕ್ಕಿದೆ ಎಂದರು. ಮುಸ್ಲಿಂ ವಿದ್ವಾಂಸರಲ್ಲಿ ಬಹುಪಾಲು ಸಲಿಂಗ ಸಂಬಂಧಕ್ಕೆ ವಿರುದ್ಧ. ಆದರೂ ಇರಾನಿನ ಖೊಮೇನಿ 1980ರ ದಶಕದಲ್ಲೇ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಫತ್ವಾದ ಮೂಲಕ ಅನುಮತಿ ಕೊಟ್ಟಿದ್ದರು ಎಂಬುದು ಹಲವರಿಗೆ ಅಚ್ಚರಿ ತರಬಹುದು.

ನಮ್ಮ ನಾಡಿನಲ್ಲಿ ಎಲ್ಲಮ್ಮನ ಜೋಗಪ್ಪಂದಿರಿಗೆ ಜಾಗವಿತ್ತಲ್ಲ, ನಮ್ಮದು ಮೊದಲಿನಿಂದಲೂ ಉದಾರ ಸಂಸ್ಕೃತಿಯಲ್ಲವೇ ಎಂದು ಎದೆ ತಟ್ಟಿಕೊಳ್ಳುವುದೂ ಸರಿಯಲ್ಲ. ಗುಡಿಯ ಮುಂದೆ ಕಾಲಿಗೆ ಬಿದ್ದು ಆಶೀರ್ವಾದ ಪಡೆದವರೇ ಬಾಡಿಗೆಗೆ ಮನೆ ಕೊಡಲಿಲ್ಲ. ಜೋಗತಿ ಮಂಜಮ್ಮ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೆ ಭಿಕ್ಷೆಯ ಬದಲು ಉದ್ಯೋಗ ಸಿಗಬೇಕಾದರೆ ಅದೇ ವರ್ಷ ರಾಜ್ಯ ಸರಕಾರ ನೇಮಕಾತಿಯಲ್ಲಿ ತಂದ ಶೇ. 1ರ ಮೀಸಲಾತಿಯೇ ಬೇಕಾಯಿತು.

ಹಾಗಾದರೆ ನಾಳೆ ದೇವಸ್ಥಾನದಲ್ಲೂ ಇಗರ್ಜಿಯಲ್ಲೂ ಇಂಥ ಮದುವೆ ಮಾಡಿಸಲೇಬೇಕೇ ಎಂಬ ಆತಂಕ ನ್ಯಾಯವಾದದ್ದು. ಅಮೆರಿಕ 2022ರ ಡಿಸೆಂಬರ್‌ನಲ್ಲಿ ತಂದ ವಿವಾಹ ಕಾನೂನು ಇದಕ್ಕೆ ಒಂದು ಉತ್ತರ. ಸಲಿಂಗ ವಿವಾಹಗಳಿಗೂ ಬೇರೆ ಬೇರೆ ಜನಾಂಗದವರ ವಿವಾಹಗಳಿಗೂ ಅಲ್ಲಿ ಸರಕಾರದ ಮಾನ್ಯತೆ ಉಂಟು, ಆದರೆ ಧಾರ್ಮಿಕ ಸಂಸ್ಥೆಗಳ ಮೇಲೆ ಮದುವೆ ಮಾಡಿಸುವ ಒತ್ತಾಯವಿಲ್ಲ. ಸಂಪ್ರದಾಯಸ್ಥರಾದ ಮಾರ್ಮನ್ ಚರ್ಚಿನವರೇ ಅದನ್ನು ಬೆಂಬಲಿಸಿದರು. ಭಾರತ ಅಷ್ಟು ದೂರ ಹೋಗಿಲ್ಲ. 2023ರ ತೀರ್ಪಿನ ನಂತರ ಕೇಂದ್ರ ಸರಕಾರ ಸಂಪುಟ ಕಾರ್ಯದರ್ಶಿಯವರ ಸಮಿತಿ ರಚಿಸಿತು. 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ, ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಪರಸ್ಪರ ನಾಮಿನಿಯಾಗಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ಊರಿನ ಬ್ಯಾಂಕಿನ ಶಾಖೆಯಲ್ಲಿ ಮ್ಯಾನೇಜರ್ ಗೊತ್ತಿಲ್ಲವೆಂದರೆ ಆ ಸ್ಪಷ್ಟೀಕರಣದ ಪ್ರತಿಯನ್ನು ಮುಂದಿಡಬಹುದು.