ಕಟ್ಟಿಕೊಂಡ ಪೈಪು ಯಾರದ್ದು, ಗುಂಡಿಗೆ ಇಳಿಯೋರು ಯಾರು?

ಬೆಂಗಳೂರಲ್ಲಿ ಬಾಡಿಗೆ ಮನೆ ಖಾಲಿ ಮಾಡಿದ ಯಾರನ್ನಾದ್ರೂ ಕೇಳಿ, ಅಡ್ವಾನ್ಸ್‌ನಲ್ಲಿ ಏನೇನು ಹಿಡ್ಕೊಂಡ್ರು ಅಂತ. ಮೊದಲು ಪೇಂಟಿಂಗ್ ಅಂತಾರೆ. ಆಮೇಲೆ 'ಬ್ಲಾಕೇಜ್ ಕ್ಲೀನಿಂಗ್' ಬರುತ್ತೆ. ಇದನ್ನ ನಾವು ಓನರ್ ಮತ್ತು ಬಾಡಿಗೆದಾರರ ಚಿಲ್ಲರೆ ಜಗಳ ಅಂತ ಬಿಟ್ಟುಬಿಡ್ತೀವಿ. ನನ್ನ ಪ್ರಕಾರ ಇದು ಚಿಲ್ಲರೆ ವಿಷಯ ಅಲ್ಲ. ಹಣ ಯಾರು ಕೊಡಬೇಕು ಅನ್ನೋ ಗದ್ದಲದಲ್ಲಿ, ಆ ಗುಂಡಿಗೆ ಯಾರು ಕೈ ಹಾಕ್ತಾರೆ ಅನ್ನೋ ಪ್ರಶ್ನೆಯೇ ಮುಚ್ಚಿಹೋಗುತ್ತೆ.

ಮೊದಲು ಕಾನೂನು. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಸತಿ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತಗೋಬಾರದು ಅನ್ನೋ ಮಾತು ಅದರಲ್ಲಿದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಆಗಿರೋ ಬೆಂಗಳೂರಿಗೆ ಅದು ದೊಡ್ಡ ಸುದ್ದಿಯಾಗಿತ್ತು. ಆದ್ರೆ ಅದರ ಎರಡನೇ ಅನುಸೂಚಿಯನ್ನ ಹೆಚ್ಚು ಜನ ಓದಿಲ್ಲ. ಅಲ್ಲಿ ರಿಪೇರಿ ಕೆಲಸಗಳನ್ನ ಎರಡು ಪಾಲು ಮಾಡಿದ್ದಾರೆ. ಪೈಪ್ ಬದಲಾಯಿಸೋದು ಮಾಲೀಕರ ಪಾಲು, ಮೋರಿ ಸ್ವಚ್ಛ ಮಾಡಿಸೋದು ಬಾಡಿಗೆದಾರರ ಪಾಲು. ಇದು ಮಾದರಿ ಮಾತ್ರ, ರಾಜ್ಯ ತನ್ನದೇ ಕಾನೂನು ಮಾಡಿದ್ರಷ್ಟೇ ಜಾರಿಗೆ ಬರುತ್ತೆ. ಆದ್ರೂ ಸರ್ಕಾರದ ತಲೆಯಲ್ಲಿರೋ ಮನೆ ಎಂಥದ್ದು ಅಂತ ಇದು ತೋರಿಸುತ್ತೆ: ಒಂದು ಕುಟುಂಬ, ಒಂದು ಮನೆ, ಒಂದು ಪೈಪು.

ನಾವಿರೋ ಮನೆಗಳು ಹಾಗಿಲ್ಲ. 30x40 ಸೈಟಿನಲ್ಲಿ ನಾಲ್ಕು ಮಹಡಿ, ಮಹಡಿಗೆ ಎರಡು ಮನೆ, ಎಲ್ಲದರ ಕೊಳೆನೀರೂ ಕೆಳಗಿನ ಒಂದೇ ಚೇಂಬರ್‌ಗೆ. ಅಲ್ಲಿ ಕಟ್ಟಿಕೊಂಡ್ರೆ ನೀರು ಹುಡುಕೋದು ಅತಿ ತಗ್ಗಿನ ಬಾಯಿಯನ್ನ, ಅಂದ್ರೆ ನೆಲಮಹಡಿಯ ಬಚ್ಚಲನ್ನ. ನಾನು ಒಮ್ಮೆ ಅಂಥ ನೆಲಮಹಡಿಯಲ್ಲಿದ್ದೆ. ಮೂರನೇ ಮಹಡಿಯವರು ಬಟ್ಟೆ ಒಗೆದ ನೊರೆ ನಮ್ಮ ಬಚ್ಚಲಲ್ಲಿ ಏಳ್ತಿತ್ತು. ಓನರ್ ಹೇಳಿದ್ದು ಒಂದೇ ಮಾತು, "ನಿಮ್ಮ ಮನೇಲಿ ತಾನೇ ಬ್ಲಾಕ್ ಆಗಿರೋದು?"

ಹಾಗಂತ ನಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಪೈಪ್ ಕಟ್ಟೋದು ಒಂದೇ ದಿನದಲ್ಲಲ್ಲ. ಎಣ್ಣೆ ಪೈಪಿನ ಗೋಡೆಗೆ ಅಂಟುತ್ತೆ, ಅದಕ್ಕೆ ಅನ್ನದ ಅಗುಳು, ಟೀ ಪುಡಿ, ಮುದ್ದೆ ಪಾತ್ರೆಯ ಹಿಟ್ಟು ಮೆತ್ತಿಕೊಳ್ಳುತ್ತೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಡಿಸೆಂಬರ್‌ನ ಬೆಂಗಳೂರಿಗೆ ಅಷ್ಟು ಸಾಕು. ಜಿಡ್ಡಿನ ಪಾತ್ರೆಯನ್ನ ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಕರಿದ ಎಣ್ಣೆಯನ್ನ ಸಿಂಕ್‌ಗೆ ಸುರಿಯಬೇಡಿ. ಸಿಂಕಿಗೂ ಬಚ್ಚಲಿಗೂ ಸಣ್ಣ ಕಣ್ಣಿನ ಜಾಲರಿ ಹಾಕಿ, ಕೂದಲನ್ನ ವಾರಕ್ಕೊಮ್ಮೆ ತೆಗೆಯಿರಿ. ಪ್ಯಾಡ್, ಡೈಪರ್, ವೆಟ್ ವೈಪ್ಸ್ ಕಮೋಡ್‌ಗೆ ಹೋಗಲೇಬಾರದು. ಆಸಿಡ್ ಮತ್ತು ಬ್ಲೀಚ್ ಒಟ್ಟಿಗೆ ಸುರಿದ್ರೆ ಕ್ಲೋರಿನ್ ಅನಿಲ ಏಳುತ್ತೆ, ಅದು ವಿಷ.

ಆದ್ರೆ ನೀವೊಬ್ಬರೇ ಇದೆಲ್ಲ ಮಾಡಿ, ಮೇಲಿನ ಆರು ಮನೆಯವರು ಮಾಡದಿದ್ರೆ? ಓನರ್ ಟೆರೇಸಿನ ಮಳೆನೀರಿನ ಪೈಪನ್ನೂ ಅದೇ ಚೇಂಬರ್‌ಗೆ ಸೇರಿಸಿದ್ರೆ? ಮಳೆನೀರು ಒಳಚರಂಡಿಗೆ ಹೋಗಬಾರದು ಅಂತ ಜಲಮಂಡಳಿ ಹೇಳ್ತಲೇ ಇದೆ. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕೋದಕ್ಕೆ ಈ ಕಳ್ಳ ಜೋಡಣೆಯೂ ಒಂದು ಕಾರಣ. ಅದನ್ನ ಮಾಡಿಸಿದ್ದು ಬಾಡಿಗೆದಾರರಲ್ಲ.

ಇನ್ನು ಅಸಲಿ ವಿಷಯ. ಹೊಣೆ ಒಬ್ಬ ಬಾಡಿಗೆದಾರನ ತಲೆಗೆ ಬಿದ್ದಾಗ, ಆತ ಸಹಜವಾಗಿ ಹುಡುಕೋದು ಅತಿ ಅಗ್ಗದ ದಾರಿ. ವಾಚ್‌ಮನ್ ಹತ್ರ ಒಂದು ನಂಬರ್ ಇರುತ್ತೆ. ಒಬ್ಬರು ಬಿದಿರುಗಳು ಹಿಡಿದು ಬರ್ತಾರೆ, ಬರಿಗೈಯಲ್ಲಿ ಚೇಂಬರ್ ಬಗೀತಾರೆ, ಆಗದಿದ್ರೆ ಒಳಗೇ ಇಳೀತಾರೆ. ಅವರು ಯಾವ ಸಮುದಾಯದವರು ಅಂತ ಯಾರೂ ಕೇಳಲ್ಲ, ಯಾಕಂದ್ರೆ ಎಲ್ಲರಿಗೂ ಗೊತ್ತು. 2013ರ ಕಾಯ್ದೆ ಪ್ರಕಾರ, ಸುರಕ್ಷತಾ ಸಲಕರಣೆ ಇಲ್ಲದೆ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್‌ಗೆ ಯಾರನ್ನಾದ್ರೂ ಹಚ್ಚಿದ್ರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಈ ನಿಷೇಧ ಸರ್ಕಾರಿ ಸಂಸ್ಥೆಗಳಿಗಷ್ಟೇ ಅಲ್ಲ, ಯಾವುದೇ ವ್ಯಕ್ತಿಗೂ ಅನ್ವಯ. ಅಂದ್ರೆ ಓನರ್‌ಗೂ, ನಮಗೂ. ಒಳಚರಂಡಿ ಸಾವಿಗೆ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ 6 ಮಹಾನಗರಗಳಲ್ಲಿ ಇಂಥ ಕೆಲಸ ನಿಲ್ಲಲೇಬೇಕು ಅಂದಿತು. ಇದರ ವಿರುದ್ಧ ದಶಕಗಳಿಂದ ಹೋರಾಡ್ತಿರೋ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲೇ. ಕೋರ್ಟ್ ಆದೇಶ ರಸ್ತೆಯ ಮ್ಯಾನ್‌ಹೋಲ್‌ವರೆಗೆ ಹೇಗೋ ತಲುಪಬಹುದು. ಗೇಟಿನೊಳಗಿನ ಚೇಂಬರ್‌ವರೆಗೆ ಅದನ್ನ ತಲುಪಿಸೋರು ಯಾರು?

ಅದಕ್ಕೇ ಅಗ್ರಿಮೆಂಟ್‌ಗೆ ಸಹಿ ಹಾಕೋ ಮೊದಲೇ ಈ ಮಾತು ಎತ್ತಬೇಕು. ಮನೆಯೊಳಗಿನ ಸಿಂಕ್, ಜಾಲರಿ, ಟ್ರ್ಯಾಪ್ ಬಾಡಿಗೆದಾರರ ಹೊಣೆ. ಎಲ್ಲರೂ ಬಳಸೋ ಪೈಪು, ಚೇಂಬರ್ ಮಾಲೀಕರ ಹೊಣೆ. ಏನೇ ಆದ್ರೂ ಮನುಷ್ಯರನ್ನ ಇಳಿಸುವಂತಿಲ್ಲ, ಮಷಿನ್ ಮಾತ್ರ. ಈ ಮೂರು ಸಾಲು ಬರೆಸಿ. ಸಾಮಾನು ಇಳಿಸೋ ದಿನ ಪ್ರತಿ ಬಚ್ಚಲಿಗೂ ಒಂದು ಬಕೆಟ್ ನೀರು ಸುರಿದು ವಿಡಿಯೋ ಮಾಡಿ ಓನರ್‌ಗೆ ಕಳಿಸಿ. ರಸ್ತೆಯ ಲೈನ್ ಕಟ್ಟಿದ್ರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಇಟ್ಕೊಳ್ಳಿ. ಒಬ್ಬೊಬ್ಬರೇ ಕೇಳಿದ್ರೆ ಓನರ್ "ಬೇರೆ ಮನೆ ನೋಡ್ಕೊಳ್ಳಿ" ಅನ್ನಬಹುದು. ಕಟ್ಟಡದ ಎಂಟು ಮನೆಯವರೂ ಸೇರಿ ಕೇಳಿದ್ರೆ ಹಾಗನ್ನೋದು ಕಷ್ಟ.

ರಾಜ್ಯ ಸರ್ಕಾರಕ್ಕೂ ಇದೇ ಮಾತು. ಬಾಡಿಗೆ ಕಾನೂನು ತಿದ್ದುವಾಗ 'ಮೋರಿ ಸ್ವಚ್ಛತೆ ಬಾಡಿಗೆದಾರರದ್ದು' ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ. ಸಾಮೂಹಿಕ ಪೈಪು, ಚೇಂಬರ್‌ನ ಹೊಣೆಯನ್ನ ಕಟ್ಟಡದ ಮಾಲೀಕರಿಗೆ ಕೊಡಿ, ಜೆಟ್ಟಿಂಗ್ ಮಷಿನ್ ಸೇವೆಯನ್ನ ಸಾಮಾನ್ಯರಿಗೆ ಕೈಗೆಟುಕೋ ದರದಲ್ಲಿ ಗೇಟಿನೊಳಗೂ ತನ್ನಿ. ಮಷಿನ್‌ಗಿಂತ ಮನುಷ್ಯ ಅಗ್ಗವಾಗಿರೋ ತನಕ ಯಾವ ನಿಷೇಧವೂ ಕಾಗದದಿಂದ ಕೆಳಗಿಳಿಯಲ್ಲ.