ಮೂರು ನಲವತ್ತು ಸಾಲದು

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ಬೆಳಗಾದರೆ ರೇಷ್ಮೆಗೂಡಿನ ಲೆಕ್ಕ. ಅಲ್ಲಿಂದ ಬೆಂಗಳೂರಿಗೆ ಬಸ್ಸು ಹಿಡಿಯುವ ಸಿ.ಎ. ವಿದ್ಯಾರ್ಥಿಯದು ಬೇರೆಯೇ ಲೆಕ್ಕ. ಇಂಟರ್‌ಮೀಡಿಯೆಟ್‌ನ ಒಂದು ಗ್ರೂಪಿಗೆ ನೂರು ಅಂಕಗಳ ಮೂರು ಪತ್ರಿಕೆ. ಪ್ರತಿಯೊಂದರಲ್ಲೂ ಕನಿಷ್ಠ 40, ಒಟ್ಟು 150 ಬೇಕು. ಮೂರರಲ್ಲೂ ನಲವತ್ತು ಪಡೆದರೆ 120, ನಪಾಸು. ಎರಡರಲ್ಲಿ 80 ತೆಗೆದು ಒಂದರಲ್ಲಿ 39ಕ್ಕೆ ನಿಂತವನೂ ನಪಾಸೇ! ಹೀಗಾಗಿ ವೇಳಾಪಟ್ಟಿಯಲ್ಲಿ ಮುಂಜಾನೆಯ ಹೊತ್ತು ಹೆದರಿಸುವ ವಿಷಯಕ್ಕೇ ಮೀಸಲಾಗಬೇಕು. (ಬಸ್ಸಿನಲ್ಲಿ ಕಾನೂನು ಓದಬಹುದು, ಲೆಕ್ಕ ಬಿಡಿಸಲಾಗದು.) ಮೂರನ್ನೂ ಬರೆದು ಒಂದರಲ್ಲಿ 60 ಮುಟ್ಟಿದ್ದರೆ, ಗ್ರೂಪ್ ಕೈತಪ್ಪಿದರೂ ಮುಂದಿನ ಮೂರು ಪರೀಕ್ಷೆಗಳಲ್ಲಿ ಆ ಪತ್ರಿಕೆಗೆ ವಿನಾಯಿತಿ ಉಂಟು. ಒಂದನ್ನು ಬರೆಯದೆ ಮನೆಯಲ್ಲುಳಿದವನಿಗೆ ಅದೂ ಇಲ್ಲ. ಕೊನೆಯ ತಿಂಗಳು ಹೊಸ ಪುಸ್ತಕ ಬೇಡ. ಗಡಿಯಾರ ಎದುರಿಗಿಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆದು, ತಪ್ಪಿದ್ದನ್ನು ಮರುದಿನವೇ ಮತ್ತೆ ಬಿಡಿಸಬೇಕು.