ನೂರು ಎಕರೆ ಕೊಟ್ಟವರಿಗೆ ಏನು ಸಿಕ್ಕಿತು?

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಕಲ್ಲುಗೋಡೆಗಳ, ಹಸಿರು ಚಪ್ಪರಗಳ ಒಂದು ವಿದ್ಯಾಲಯವಿದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂದು ಅದರ ಹೆಸರು; ಜನ ಐಐಎಂ ಎನ್ನುತ್ತಾರೆ. ಎರಡು ವರ್ಷ ಅಲ್ಲಿ ಓದಿ ಹೊರಬಂದವರಿಗೆ ವ್ಯವಹಾರ ಆಡಳಿತದ ಸ್ನಾತಕೋತ್ತರ ಪದವಿ, ಅಂದರೆ ಎಂ.ಬಿ.ಎ., ದೊರೆಯುತ್ತದೆ. ವರ್ಷ ವರ್ಷವೂ ಪತ್ರಿಕೆಗಳಲ್ಲಿ ಈ ವಿದ್ಯಾಲಯದ ಸುದ್ದಿ ಒಂದೇ ಬಗೆಯದು: ಯಾವ ಕಂಪೆನಿ ಬಂತು, ಎಷ್ಟು ಲಕ್ಷ ಸಂಬಳಕ್ಕೆ ಎಷ್ಟು ಜನರನ್ನು ಆರಿಸಿಕೊಂಡಿತು. ದನದ ಜಾತ್ರೆಯ ವರದಿಯೂ ಹೀಗೆಯೇ ಇರುತ್ತದೆ. ಆದರೆ ಆ ನೆಲವನ್ನು ಕೊಟ್ಟವರು ಯಾರು, ಯಾವ ಕೆಲಸಕ್ಕಾಗಿ ಕೊಟ್ಟರು, ಆ ಕೆಲಸ ನಡೆಯಿತೇ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಈ ವಾರ ನಾವು ಎತ್ತೋಣ.

ಮೆಟ್ರಿಕ್ ಓದಿ ಹಳ್ಳಿಯ ಶಾಲೆಯಲ್ಲಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದವನಿಗೆ ಎಂ.ಬಿ.ಎ. ಗೊಡವೆ ಏತಕ್ಕೆ ಎಂದು ಕೇಳುವವರು ಕೇಳಲಿ. ಊರ ಕೆರೆಯ ನೀರು ಯಾರ ಗದ್ದೆಗೆ ಹೋಗುತ್ತಿದೆ ಎಂದು ವಿಚಾರಿಸಲು ಇಂಜಿನಿಯರ್ ಆಗಬೇಕಾದುದಿಲ್ಲ.

ಕೊಟ್ಟದ್ದು ಏತಕ್ಕೆ?

ನಮ್ಮ ದೇಶದ ಮೊದಲ ಎರಡು ಐಐಎಂಗಳು ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ 1961ರಲ್ಲಿ ಹುಟ್ಟಿದವು. ಅಹಮದಾಬಾದಿಗೆ ಅಮೆರಿಕದ ಹಾರ್ವರ್ಡ್, ಕಲ್ಕತ್ತಕ್ಕೆ ಮೆಸಾಚುಸೆಟ್ಸಿನ ಎಂ.ಐ.ಟಿ. ನೆರವಾದವು, ಫೋರ್ಡ್ ಪ್ರತಿಷ್ಠಾನದ ಹಣವೂ ಬಂತು. ಹತ್ತು ವರ್ಷಗಳಾದ ಮೇಲೆ, 1972ರಲ್ಲಿ, ರವಿ ಮಥಾಯ್ ಅವರ ಸಮಿತಿ ಇನ್ನೆರಡು ಸಂಸ್ಥೆಗಳು ಬೇಕೆಂದು ಶಿಫಾರಸು ಮಾಡಿತು. ಬೆಂಗಳೂರಿನ ಸಂಸ್ಥೆಗೆ ನಮ್ಮ ರಾಜ್ಯ ಸರಕಾರ 100 ಎಕರೆ ನೆಲವನ್ನೂ 30 ಲಕ್ಷ ರೂಪಾಯಿಗಳ ಮೂಲನಿಧಿಯನ್ನೂ ಕೊಟ್ಟಿತು. ಟಿ.ಎ. ಪೈ ಅವರು ಅಧ್ಯಕ್ಷರಾದರು. 1973ರ ಅಕ್ಟೋಬರ್ 28ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಅದಾದ ನಾಲ್ಕನೆಯ ದಿನ. ಹೆಸರು ಬರುವ ಮೊದಲೇ ನಾಡು ತನ್ನ ಪಾಲನ್ನು ಸಲ್ಲಿಸಿತ್ತು.

ಗುರಿಯೇನಿತ್ತು? ಸಾರ್ವಜನಿಕ ಉದ್ದಿಮೆಗಳನ್ನು ನಡೆಸಬಲ್ಲವರನ್ನು ತಯಾರು ಮಾಡುವುದು. ಆ ಕಾಲದ ಬೆಂಗಳೂರನ್ನು ನೆನೆಯಿರಿ. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್., ಬಿ.ಇ.ಎಂ.ಎಲ್. ಎಂಬ ಐದು ದೊಡ್ಡ ಸರಕಾರಿ ಕಾರ್ಖಾನೆಗಳ ಊರು ಅದು. ಜನರ ದುಡ್ಡಿನಿಂದ ಕಟ್ಟಿದ ಕಾರ್ಖಾನೆಯನ್ನು ಜನರ ಹಿತಕ್ಕಾಗಿ ನಡೆಸುವ ವಿದ್ಯೆ ಖಾಸಗಿ ಗಲ್ಲಾಪೆಟ್ಟಿಗೆಯ ವಿದ್ಯೆಗಿಂತ ಬೇರೆ, ಅದಕ್ಕೊಂದು ಬೇರೆ ಶಾಲೆ ಬೇಕು ಎಂಬ ಒಳ್ಳೆಯ ಯೋಚನೆ ಅದರ ಹಿಂದಿತ್ತು. ಮೊದಲ ನಿರ್ದೇಶಕರಾದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಯನ್ನೇ ಅಧ್ಯಯನದ ವಿಷಯ ಮಾಡಿಕೊಂಡವರು. ಮ್ಯಾನೇಜ್‌ಮೆಂಟ್ ಶಾಸ್ತ್ರದ ಕಣ್ಣು ರೈತನ ಎತ್ತಿನ ಹೆಗಲ ಮೇಲಿನ ನೊಗದವರೆಗೂ ಹೋಗಬಹುದೆಂದು ತೋರಿಸಿದ್ದು ಇದೇ ಸಂಸ್ಥೆ!

ಆ ಗುರಿ ಒಂದೇ ದಿನದಲ್ಲಿ ಸಾಯಲಿಲ್ಲ, ಮೆಲ್ಲಮೆಲ್ಲನೆ ಸರಿಯಿತು. ಎಚ್.ಎಂ.ಟಿ. ಗಡಿಯಾರಗಳ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿಯ ಕಾರ್ಮಿಕ ಮನೆಗೆ ಹೋದನು; ಅಂಥ ಉದ್ದಿಮೆಗಳಿಗೆ ಆಡಳಿತಗಾರರನ್ನು ಕೊಡಲೆಂದು ಹುಟ್ಟಿದ ವಿದ್ಯಾಲಯ ಮಾತ್ರ ಬೆಳೆಯುತ್ತಲೇ ಇದೆ. ಇದರ ಅರ್ಥವೇನು?

ಗುರಿ ಕಾಗದದಲ್ಲಿ, ದಾರಿ ಬೇರೆಡೆಗೆ

ಗುರಿಯನ್ನು ಬಿಟ್ಟಿಲ್ಲ ಎಂದು ಅಲ್ಲಿಯ ಪಂಡಿತರು ವಾದಿಸಬಹುದು. ಐಐಎಂಗಳಿಗಾಗಿ ಪಾರ್ಲಿಮೆಂಟು 2017ರಲ್ಲಿ ಕಾಯಿದೆ ಮಾಡಿತು. 2018ರ ಜನವರಿ ಕೊನೆಗೆ ಅದು ಜಾರಿಗೆ ಬಂತು. ಅದುವರೆಗೆ ಡಿಪ್ಲೊಮಾ ಕೊಡುತ್ತಿದ್ದ ಸಂಸ್ಥೆಗಳು ಪದವಿ ಕೊಡುವಂತಾದವು. ಖಾಸಗಿ, ಸಾರ್ವಜನಿಕ, ಸಾಮಾಜಿಕ, ಈ ಮೂರು ವಲಯಗಳ ಉದ್ದಿಮೆಗಳಿಗೂ ನಾಯಕರನ್ನು ತಯಾರಿಸಬೇಕೆಂದು ಅದರಲ್ಲಿ ಬರೆದಿದೆ. ಸಾಮಾಜಿಕ ಸಮಾನತೆಯ ಮಾತೂ ಇದೆ. 1973ರಲ್ಲಿ ಸಾರ್ವಜನಿಕವೇ ಸರ್ವಸ್ವವಾಗಿದ್ದ ಸಂಸ್ಥೆಗೆ 2017ರಲ್ಲಿ ಅದು ಎರಡನೆಯ ಸ್ಥಾನಕ್ಕೆ ಇಳಿಯಿತು ಎಂಬುದನ್ನು ಗಮನಿಸಿ. ಆದರೂ ಬಿಡಿ, ಕಾಯಿದೆಯ ಮಾತು ಒಳ್ಳೆಯದೇ. ನಮ್ಮ ತಕರಾರು ಇರುವುದು ಆ ಮಾತಿನ ಮೇಲೆ ಕಟ್ಟಿದ ಕಟ್ಟಡದ ಬಗ್ಗೆ. ಈ ಪದವಿಯ ಒಂದೊಂದು ಮೆಟ್ಟಿಲೂ ಆ ಗುರಿಯಿಂದ ದೂರಕ್ಕೇ ಕೊಂಡೊಯ್ಯುತ್ತದೆ.

ಮೊದಲ ಮೆಟ್ಟಿಲು ಪ್ರವೇಶ. ಯಾವುದೇ ಪದವೀಧರ ಕ್ಯಾಟ್ ಎಂಬ ಪರೀಕ್ಷೆಗೆ ಕೂರಬಹುದು. ಕೂರಬಹುದು ನಿಜ, ಇಂಗ್ಲಿಷು ಬಲ್ಲವನಾದರೆ! ವೈದ್ಯನಾಗಲು ಬರೆಯುವ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಇಂಜಿನಿಯರ್ ಆಗಲು ಬರೆಯುವ ಜೆಇಇ ಮುಖ್ಯ ಪರೀಕ್ಷೆಯೂ 2021ರಿಂದ ಕನ್ನಡದಲ್ಲಿದೆ. ರೋಗಿಯ ಎದೆಯ ಮೇಲೆ ಸ್ಟೆತಾಸ್ಕೋಪ್ ಇಡುವವನಿಗೆ ಕನ್ನಡ ಸಾಕು, ಅಂಗಡಿಯ ಲೆಕ್ಕ ನೋಡುವವನಿಗೆ ಸಾಲದು ಎಂಬುದು ಯಾವ ನ್ಯಾಯ? ಇಷ್ಟಕ್ಕೇ ಮುಗಿಯಲಿಲ್ಲ. ಕ್ಯಾಟ್ ದಾಟಿದ ಮೇಲೆ ಬೆಂಗಳೂರಿನವರು ಹತ್ತನೆಯ, ಹನ್ನೆರಡನೆಯ ತರಗತಿಗಳ ಅಂಕಗಳನ್ನೂ ತೂಗುತ್ತಾರೆ. ನಾಟಿಯ ಕಾಲದಲ್ಲಿ ತಾಯಿಯ ಜೊತೆ ಗದ್ದೆಗಿಳಿದು, ದೀಪದ ಹೊತ್ತಿಗೆ ಪುಸ್ತಕ ಬಿಡಿಸುವ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಹದಿನೈದನೆಯ ವಯಸ್ಸಿನಲ್ಲಿ ತಪ್ಪಿದ ಆ ಹತ್ತು ಅಂಕ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬಂದು ಬಾಗಿಲು ಹಾಕುತ್ತದೆ. ಮೀಸಲಾತಿ ಇದೆ, ಹಿಂದುಳಿದ ವರ್ಗಗಳಿಗೆ ಅದು ಸಿಕ್ಕಿದ್ದು 2008ರಲ್ಲಿ, ಸುಪ್ರೀಂ ಕೋರ್ಟಿನವರೆಗೆ ಹೋಗಿ ಹೋರಾಡಿದ ಮೇಲೆ. ಮೀಸಲಾತಿ ಬಾಗಿಲನ್ನು ತೆರೆಯಿತು; ಭಾಷೆ ಹೊಸಿಲಲ್ಲಿ ಇನ್ನೂ ಕಾವಲು ನಿಂತಿದೆ.

ಎರಡನೆಯ ಮೆಟ್ಟಿಲು ಫೀಸು. ಎರಡು ವರ್ಷಕ್ಕೆ ಅದು ಇಪ್ಪತ್ತು ಲಕ್ಷ ರೂಪಾಯಿ ದಾಟಿದೆ. 2004ರ ಆರಂಭದಲ್ಲಿ, ವರ್ಷಕ್ಕೆ ಸುಮಾರು ಒಂದೂವರೆ ಲಕ್ಷವಿದ್ದಾಗ, ಅದನ್ನು 30,000ಕ್ಕೆ ಇಳಿಸಬೇಕೆಂದು ಕೇಂದ್ರ ಸರಕಾರ ಆಜ್ಞೆ ಮಾಡಿತ್ತು. ನಮ್ಮವರೇ ಆದ ವಿಜ್ಞಾನಿ ಯು.ಆರ್. ರಾವ್ ಅವರ ಸಮಿತಿಯ ಶಿಫಾರಸು ಅದಕ್ಕೆ ಆಧಾರವಾಗಿತ್ತು. ಸ್ವಾಯತ್ತತೆ ಹೋಯಿತು ಎಂದು ದೊಡ್ಡ ಕೂಗೆದ್ದಿತು. ಮೇ ತಿಂಗಳಲ್ಲಿ ಸರಕಾರ ಬದಲಾಯಿತು, ಆಜ್ಞೆಯೂ ಬಿದ್ದುಹೋಯಿತು. ಅಂದಿನ ಆಳುವ ಪಕ್ಷಕ್ಕೆ ಸಂಸ್ಥೆಗಳನ್ನು ಮುಷ್ಟಿಯಲ್ಲಿಟ್ಟುಕೊಳ್ಳುವ ಆಸೆ ಇದ್ದಿರಬಹುದು. ಆ ಅನುಮಾನ ನಮಗೂ ಇದೆ. ಆದರೆ ಒಂದು ಮಾತು ಹೇಳಿ: ಸ್ವಾಯತ್ತತೆ ಉಳಿಯಿತು, ಬಡವನ ಮಗನಿಗೆ ಏನು ಉಳಿಯಿತು? 2017ರ ಕಾಯಿದೆ ಫೀಸು ಗೊತ್ತುಮಾಡುವ ಅಧಿಕಾರವನ್ನು ಆಯಾ ಸಂಸ್ಥೆಯ ಆಡಳಿತ ಮಂಡಲಿಗೇ ಒಪ್ಪಿಸಿದೆ.

ವಿದ್ಯಾರ್ಥಿವೇತನವಿದೆ, ಬ್ಯಾಂಕು ಸಾಲ ಕೊಡುತ್ತದೆ ಎನ್ನುತ್ತಾರೆ. ಕೊಡುತ್ತದೆ. ಈ ವಾದದಲ್ಲೇ ಇಡೀ ರಹಸ್ಯ ಅಡಗಿದೆ. ಇಪ್ಪತ್ತು ಲಕ್ಷ ಸಾಲ ಹೊತ್ತ ಹುಡುಗಿ ಹಾಲು ಒಕ್ಕೂಟದ ಕೆಲಸಕ್ಕೆ ಹೋಗುವಳೇ? ನಷ್ಟದಲ್ಲಿರುವ ಸರಕಾರಿ ಸಕ್ಕರೆ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಲು ಹೊರಡುವಳೇ? ಹೊರಟರೂ ಕಂತು ಕಟ್ಟುವವರಾರು? ಕಾಯಿದೆ ಬರೆದ ಗುರಿಯನ್ನು ಫೀಸಿನ ರಸೀತಿ ಅಳಿಸಿಹಾಕುತ್ತದೆ. ಸಾಹುಕಾರನ ಸಾಲ ತೀರಿಸಲು ಜೀತಕ್ಕಿದ್ದವನು ಯಾವ ಹೊಲದಲ್ಲಿ ಉಳಬೇಕೆಂದು ತಾನೇ ಆರಿಸುತ್ತಿದ್ದನೇ? ಈ ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ. ಅವರನ್ನು ಹೀಗೆ ಕಟ್ಟಿಹಾಕಿದ ವ್ಯವಸ್ಥೆಯ ಮೇಲೆ ಸಿಟ್ಟು.

ಪಾಠದಲ್ಲಿ ಏನಿದೆ?

ಮೂರನೆಯ ಮೆಟ್ಟಿಲು ಪಾಠಕ್ರಮ. ವರ್ಷಕ್ಕೆ ಮೂರು ಅವಧಿಯಂತೆ ಎರಡು ವರ್ಷಕ್ಕೆ ಆರು ಅವಧಿ. ಮೊದಲ ವರ್ಷ ಎಲ್ಲರಿಗೂ ಕಡ್ಡಾಯ ವಿಷಯಗಳು: ಲೆಕ್ಕಪತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರಾಟ, ಉತ್ಪಾದನೆ, ಹಣಕಾಸು, ಸಂಸ್ಥೆಯೊಳಗಿನ ಜನರ ನಡವಳಿಕೆ. ನಡುವೆ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಯಾವುದಾದರೊಂದು ಕಂಪೆನಿಯಲ್ಲಿ ತರಬೇತಿ. ಎರಡನೆಯ ವರ್ಷ ಇಷ್ಟಪಟ್ಟ ವಿಷಯಗಳು. ಕೊನೆಗೆ ಕಂಪೆನಿಗಳ ಆಯ್ಕೆಯ ಜಾತ್ರೆ. ಅದರಲ್ಲಿ ಮುಂದಿನ ಸಾಲು ಸಲಹಾ ಕಂಪೆನಿಗಳದು.

ಲೆಕ್ಕಪತ್ರ ಕಲಿಯಬಾರದೇ? ಖಂಡಿತ ಕಲಿಯಬೇಕು. ನಮ್ಮ ಎಷ್ಟೋ ಸೊಸೈಟಿಗಳು ಮುಳುಗಿದ್ದು ಲೆಕ್ಕ ಬಲ್ಲವರಿಲ್ಲದೆ. ಪ್ರಶ್ನೆ ಇರುವುದು ಆ ಲೆಕ್ಕ ಯಾರ ಪರವಾಗಿ ಎಂಬುದರಲ್ಲಿ. ಈ ಪದವಿಯ ಮೂಲ ಮನೆಯಾದ ಹಾರ್ವರ್ಡಿನಲ್ಲಿ ಅದು ಶುರುವಾದದ್ದು 1908ರಲ್ಲಿ. ಕೆಲಸಗಾರನ ಕೈಚಲನೆಯನ್ನು ಗಡಿಯಾರ ಹಿಡಿದು ಅಳೆದ ಫ್ರೆಡರಿಕ್ ಟೇಲರ್ ಅಲ್ಲಿ ಆರಂಭದ ವರ್ಷಗಳಲ್ಲೇ ಉಪನ್ಯಾಸ ಕೊಟ್ಟನು. ನಿಜವಾದ ಪ್ರಸಂಗವೊಂದನ್ನು ಮುಂದಿಟ್ಟು ಚರ್ಚಿಸುವ ಪಾಠದ ಪದ್ಧತಿ ಅಲ್ಲಿಂದಲೇ ಬಂದದ್ದು. 1921ರಲ್ಲಿ ಬರೆದ ಮೊದಲ ಪ್ರಸಂಗ ಒಂದು ಚಪ್ಪಲಿ ಕಾರ್ಖಾನೆಯದು. ಕೆಲಸಗಾರರು ಬಿಡುವ ಹೊತ್ತಿಗೆ ಮೊದಲೇ ಕೆಲಸ ನಿಲ್ಲಿಸುತ್ತಾರೆ, ಏನು ಮಾಡಬೇಕು ಎಂಬುದು ಅದರ ಸಮಸ್ಯೆ! ಆ ಮೊದಲ ಪಾಠದಲ್ಲೇ ದುಡಿಯುವವನು ಸಮಸ್ಯೆಯ ಸ್ಥಾನದಲ್ಲಿ ಕೂತ. ಇಂದಿಗೂ ಅವನ ಹೆಸರು 'ಮಾನವ ಸಂಪನ್ಮೂಲ'. ಸಂಡೂರಿನ ಅದಿರು ಒಂದು ಸಂಪನ್ಮೂಲ, ಶರಾವತಿಯ ನೀರು ಒಂದು ಸಂಪನ್ಮೂಲ, ಪೀಣ್ಯದ ಹೆಂಗಸೂ ಒಂದು ಸಂಪನ್ಮೂಲ!

ಪ್ರಸಂಗಗಳೇ ಬೇಕೆಂದರೆ ನಮ್ಮಲ್ಲಿ ಬರವಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳಲ್ಲಿ ನಡೆದ 77 ದಿನಗಳ ಮುಷ್ಕರ ಒಂದು ಪ್ರಸಂಗ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯಲು ತಡೆಹಾಕಿದ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದು, ಎರಡು ದಿನಗಳಲ್ಲಿ ಕೇಂದ್ರ ಸರಕಾರವೇ ಅದನ್ನು ಕೈಬಿಡುವಂತೆ ಮಾಡಿದ್ದು ಇನ್ನೊಂದು. ಅವರು ನಿಂತಿದ್ದ ಬೊಮ್ಮನಹಳ್ಳಿ ಈ ವಿದ್ಯಾಲಯಕ್ಕೆ ದೂರವೇನಲ್ಲ. 2020ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ದೊಂಬಿಯಾದದ್ದು ಮತ್ತೊಂದು. ಆಮೇಲೆ ತನಿಖೆ ಮಾಡಿಸಿದ ಆಪಲ್ ಕಂಪೆನಿ ತಾನೇ ಹೇಳಿತು, ಕೆಲಸದ ವೇಳೆಯ ಲೆಕ್ಕವನ್ನು ಅಲ್ಲಿ ಸರಿಯಾಗಿ ಇಟ್ಟಿರಲಿಲ್ಲ ಎಂದು. ಹಾಜರಿ ಬರೆಯುವುದು, ದುಡಿದ ಗಂಟೆಗೆ ಕೂಲಿ ಕೊಡುವುದು, ಆಡಳಿತ ವಿದ್ಯೆಯ ಓನಾಮವೇ ಅಲ್ಲಿ ತಪ್ಪಿತ್ತು. ಇಂಥವು ಕಡ್ಡಾಯ ಪಾಠವಾಗಲಿ, ಪಾಠ ಹೇಳಲು ಆ ಕೆಲಸಗಾರರೇ ತರಗತಿಗೆ ಬರಲಿ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗದ ವಿಷಯಕ್ಕೆ. ಗೇಣಿ ಅಳೆಯುವ ಒಡೆಯರ ಕೊಳಗ ದೊಡ್ಡದಾಗಿತ್ತು. ಅಳತೆ ಯಾರ ಕೈಯಲ್ಲಿದೆಯೋ ಬೆಳೆ ಅವನದು ಎಂಬುದನ್ನು ಆ ಓದುಬರಹವಿಲ್ಲದವರು ಕಂಡುಕೊಂಡರು. ಆಡಳಿತದ ಪದವಿಯೆಂದರೆ ಕೊಳಗ ಹಿಡಿಯುವ ತರಬೇತಿ. ಆದುದರಿಂದಲೇ ಅದನ್ನು ಧನಿಕರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರಲಾಗದು.

ಬೇರೆ ದಾರಿ ಇಲ್ಲವೇ?

ಇದೆ. 1979ರಲ್ಲಿ ಗುಜರಾತಿನ ಆನಂದದಲ್ಲಿ ವರ್ಗೀಸ್ ಕುರಿಯನ್ ಅವರು ಗ್ರಾಮೀಣ ಆಡಳಿತ ಸಂಸ್ಥೆ, ಇರ್ಮಾ, ಕಟ್ಟಿದರು. ಹಾಲು ಮಾರುವ ರೈತ ತನ್ನ ಸಂಘಕ್ಕೆ ಆಡಳಿತಗಾರನನ್ನು ನೇಮಿಸಿಕೊಳ್ಳಬೇಕು, ಆ ಆಡಳಿತಗಾರ ರೈತನ ನೌಕರನಾಗಿರಬೇಕು ಎಂಬುದೇ ಅಲ್ಲಿಯ ಗುರಿ. ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ಕೆಲಸ ಮಾಡುವುದು ಪಾಠಕ್ರಮದ ಭಾಗ. ಅಲ್ಲಿ ಓದಿದವರೂ ಖಾಸಗಿ ಕಂಪೆನಿಗಳಿಗೆ ಹೋಗಿರುವುದುಂಟು. ಆದರೆ ಗುರಿಗೆ ತಕ್ಕ ಕಟ್ಟಡ ಕಟ್ಟಬಹುದೆಂಬುದಕ್ಕೆ ಅದು ಸಾಕ್ಷಿ. ನಮ್ಮ ನಾಡಿಗಂತೂ ಇದು ಹೊಸತಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ, ಹಾರ್ವರ್ಡಿನ ಪದವಿ ಹುಟ್ಟುವ ಮೊದಲೇ, ರೈತರು ಸಹಕಾರ ಪತ್ತಿನ ಸಂಘ ಕಟ್ಟಿ ತಮ್ಮ ಲೆಕ್ಕವನ್ನು ತಾವೇ ಬರೆದರು.

ಸರಕಾರದ ಅನುದಾನವನ್ನೇ ನಾವು ನೆಚ್ಚಿಲ್ಲ, ನಮ್ಮ ಖರ್ಚು ನಾವೇ ದುಡಿಯುತ್ತೇವೆ, ಕೇಳಲು ನೀವು ಯಾರು ಎಂಬುದು ಅವರ ಕಟ್ಟಕಡೆಯ ಉತ್ತರ. ಬನ್ನೇರುಘಟ್ಟ ರಸ್ತೆಯ 100 ಎಕರೆಗೆ ಇಂದಿನ ಬಾಡಿಗೆ ಎಷ್ಟು? ಆ ಬಾಡಿಗೆಯನ್ನು ಜಮಾ ಮಾಡಿ ಆಮೇಲೆ ಲೆಕ್ಕ ತೋರಿಸಲಿ. ತಮ್ಮ ವಿದ್ಯಾರ್ಥಿಗಳಿಗೆ ಅವರು ಕಲಿಸುವ ಲೆಕ್ಕಪತ್ರದ ಮೊದಲ ನಿಯಮವೂ ಇದೇ ಅಲ್ಲವೇ?

ನಮ್ಮ ಬೇಡಿಕೆಗಳು ಇವು:

1. ಕ್ಯಾಟ್ ಪರೀಕ್ಷೆ ಕನ್ನಡವೂ ಸೇರಿ ದೇಶಭಾಷೆಗಳಲ್ಲಿ ನಡೆಯಬೇಕು. ಇಂಗ್ಲಿಷನ್ನು ಒಳಗೆ ಬಂದ ಮೇಲೆ ಕಲಿಸಲಿ.

2. ಫೀಸು ಮನೆಯ ಆದಾಯಕ್ಕೆ ತಕ್ಕಂತಿರಬೇಕು. ಸಾರ್ವಜನಿಕ ಉದ್ದಿಮೆ, ಸಹಕಾರ ಸಂಘಗಳಲ್ಲಿ ಐದು ವರ್ಷ ದುಡಿದವರ ಸಾಲ ಮನ್ನಾ ಆಗಬೇಕು.

3. ಬೇಸಿಗೆಯ ತರಬೇತಿಯಲ್ಲಿ ಒಂದು ತಿಂಗಳು ಸಹಕಾರ ಸಂಘ, ಸಾರಿಗೆ ಡಿಪೋ, ಪಂಚಾಯಿತಿ ಇಲ್ಲವೇ ಕಾರ್ಮಿಕ ಸಂಘದಲ್ಲಿ ಕಡ್ಡಾಯವಾಗಬೇಕು.

4. ಕಾರ್ಮಿಕ ಕಾನೂನು ಮತ್ತು ಸಹಕಾರ ತತ್ವ ಮೊದಲ ವರ್ಷದ ಕಡ್ಡಾಯ ವಿಷಯಗಳಾಗಬೇಕು.

5. ಆಡಳಿತ ಮಂಡಲಿಯಲ್ಲಿ ಕಾರ್ಮಿಕರ ಮತ್ತು ಸಹಕಾರಿ ರೈತರ ಪ್ರತಿನಿಧಿಗಳಿಗೆ ಸ್ಥಾನ ಬೇಕು.

ಕಾಯಿದೆ ಪಾರ್ಲಿಮೆಂಟಿನದು, ನೆಲ ರಾಜ್ಯದ್ದು. ಆದುದರಿಂದ ಲೋಕಸಭಾ ಸದಸ್ಯರನ್ನೂ ಶಾಸಕರನ್ನೂ ಕೇಳುವ ಹಕ್ಕು ನಮಗಿದೆ. ಬರುವ ಸರ್ವಸದಸ್ಯರ ಸಭೆಗಳಲ್ಲಿ ಪ್ರತಿಯೊಂದು ಹಾಲಿನ ಸಂಘವೂ ಪತ್ತಿನ ಸೊಸೈಟಿಯೂ ಈ ಐದು ಬೇಡಿಕೆಗಳನ್ನು ಠರಾವು ಮಾಡಿ ಕಳುಹಿಸಲಿ. ನಮ್ಮ ಹಳ್ಳಿಯ ಹುಡುಗನೋ ಹುಡುಗಿಯೋ ಆ ಕಲ್ಲಿನ ಕಟ್ಟಡದಲ್ಲಿ ಎರಡು ವರ್ಷ ಓದಿ, ಸಾಲವಿಲ್ಲದೆ, ಕನ್ನಡ ಮರೆಯದೆ ಹಿಂದಿರುಗಿ ಬಂದು ನಮ್ಮ ಸೊಸೈಟಿಯ ಲೆಕ್ಕದ ಪುಸ್ತಕ ಬಿಡಿಸುವ ದಿನ ಬರಬೇಕು. ಕೊಟ್ಟ ನೂರು ಎಕರೆಗೆ ಅಂದು ಬೆಲೆ ಬಂದೀತು.